ಕೋವಿಯ ಮೇಲೆ ಚಿನ್ನದ ಹೆಸರು: ಪೀಣ್ಯದ ಲೇಸರ್‌ಗೆ ಆಗದ ಕೆಲಸ ಯಾವುದು?

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಷ್ಟು ಮಾತ್ರ ತಿದ್ದಿ, ಮಾತಿನ ಧಾಟಿಯನ್ನು ಹಾಗೇ ಉಳಿಸಿದ್ದೇವೆ.)

ಮೆಟ್ರೋದಲ್ಲಿ ಕಂಬ ಹಿಡ್ಕೊಂಡು ಕೇಳ್ತಿರೋರಿಗೂ, ಪಿಜಿ ಮಂಚದ ಮೇಲೆ ಬಿದ್ಕೊಂಡು ಕೇಳ್ತಿರೋರಿಗೂ ಸ್ವಾಗತ. ಈ ವಾರದ ವಿಷಯ ನಾನು ಹುಡುಕಿದ್ದಲ್ಲ, ಒಂದು ವಾಯ್ಸ್ ನೋಟ್ ಆಗಿ ನನ್ನ ಫೋನಿಗೇ ಬಂದಿದ್ದು.

ಜುಲೈ ಕೊನೆಯ ವಾರ. ವಿರಾಜಪೇಟೆ ಕಡೆಯ ಕೇಳುಗರೊಬ್ಬರು ಕಳಿಸಿದ್ರು. ಮಾತು ಹೆಚ್ಚುಕಮ್ಮಿ ಹೀಗಿತ್ತು: "ಅಕ್ಕ, ನೀವು ಪೀಣ್ಯದಲ್ಲೇ ಬೆಳೆದವರು ಅಂತ ಹಿಂದೆ ಹೇಳಿದ್ರಿ. ನಮ್ಮ ತಾತ ಹೋದ ವರ್ಷ ತೀರಿಕೊಂಡ್ರು. ಅವರ ಕೋವಿ ಈಗ ಅಪ್ಪನ ಹೆಸರಲ್ಲಿದೆ. ಕೈಲ್‌ಪೊಳ್ದ್ ಹಬ್ಬದೊಳಗೆ ಅದರ ಮೇಲೆ ತಾತನ ಹೆಸರನ್ನ ಚಿನ್ನದಲ್ಲಿ ಹಾಕಿಸ್ಬೇಕು ಅಂತ ಆಸೆ. ಪೀಣ್ಯದಲ್ಲಿ ಲೇಸರ್ ಹಿಡಿದು ಏನ್ ಬೇಕಾದ್ರೂ ಕೆತ್ತುತ್ತಾರಂತೆ. ಎಷ್ಟಾಗುತ್ತೆ ಕೇಳಿ ಹೇಳ್ತೀರಾ?"

ನಾನು ಅಂದ್ಕೊಂಡೆ, ಒಂದು ಫೋನ್ ಕಾಲ್, ಒಂದು ರೇಟು, ಮುಗೀತು. ಮುಗಿಯೋಕೆ ಐದು ವಾರ ಹಿಡೀತು. ಮಧ್ಯದಲ್ಲಿ ಕಾನೂನು ಓದ್ಬೇಕಾಯ್ತು, ಟಿಪ್ಪು ಕಾಲದ ಕೋವಿಗಳ ಬಗ್ಗೆ ತಿಳ್ಕೋಬೇಕಾಯ್ತು, ಕೊನೆಗೆ ನಮ್ಮ ಮನೆ ಮಂಚದ ಕೆಳಗಿದ್ದ ಒಂದು ತಗಡಿನ ಪೆಟ್ಟಿಗೆ ತೆಗೀಬೇಕಾಯ್ತು. ಒಂದೊಂದಾಗಿ ಹೇಳ್ತೀನಿ.

ಮೊದಲ ಉತ್ತರ: "ನಾವು ಮುಟ್ಟಲ್ಲ"

ಪೀಣ್ಯ ಗೊತ್ತಿಲ್ಲದವರಿಗೆ ಒಂದು ಮಾತು. ತುಮಕೂರು ರಸ್ತೆ ಪಕ್ಕ ಹಬ್ಬಿರೋ ಕೈಗಾರಿಕಾ ಪ್ರದೇಶ ಇದು. ದೊಡ್ಡ ಕಂಪನಿಗಳ ಬೋರ್ಡ್ ಕಣ್ಣಿಗೆ ಬೀಳುತ್ತೆ ನಿಜ, ಆದ್ರೆ ಪೀಣ್ಯದ ಜೀವ ಇರೋದು ಒಳರಸ್ತೆಗಳ ಸಣ್ಣ ಶೆಡ್‌ಗಳಲ್ಲಿ. ಒಬ್ಬರು ಬರೀ ಗ್ರೈಂಡಿಂಗ್, ಒಬ್ಬರು ಬರೀ ಹೀಟ್ ಟ್ರೀಟ್‌ಮೆಂಟ್, ಪಕ್ಕದವರು ಬರೀ ಪ್ಲೇಟಿಂಗ್. ಒಂದು ಪಾರ್ಟ್ ನಾಲ್ಕು ಶೆಡ್ ಸುತ್ತಿ ಬಂದ್ರೇನೆ ಪೂರ್ತಿಯಾಗೋದು.

ಲೇಸರ್ ಮಾರ್ಕಿಂಗ್ ಮಾಡೋ ಒಂದು ಶೆಡ್‌ಗೆ ಹೋದೆ. ಬೇರಿಂಗ್ ಮೇಲೆ ನಂಬರ್, ಸ್ಟೀಲ್ ಬಾಟಲ್ ಮೇಲೆ ಕಂಪನಿ ಹೆಸರು, ಟ್ರೋಫಿ ಪ್ಲೇಟು, ಎಲ್ಲ ಮಾಡ್ತಾರೆ. ಒಂದು ಸ್ಟೀಲ್ ಪ್ಲೇಟ್ ಮೇಲೆ ಹೆಸರು ಹಾಕಿಸೋಕೆ 150 ರೂಪಾಯಿ ಅಂದ್ರು. ಎರಡು ನಿಮಿಷದ ಕೆಲಸ. ಯಾವುದರ ಮೇಲೆ ಅಂತ ಹೇಳಿದ ತಕ್ಷಣ ಅವರ ಮುಖ ಬದಲಾಯ್ತು.

"ಕೋವಿನಾ? ಬೇಡ ಮೇಡಂ, ನಾವು ಮುಟ್ಟಲ್ಲ."

"ಹೆಸರು ಅಷ್ಟೇ ಅಲ್ವಾ ಅಣ್ಣ?"

"ಹೆಸರೇ ಇರ್ಲಿ, ಹೂವೇ ಇರ್ಲಿ. ನಾಳೆ ಅದು ಯಾವ ಕೇಸಲ್ಲಿ ಬರುತ್ತೋ ನಂಗೇನ್ ಗೊತ್ತು? ನನ್ನ ಮೆಷಿನ್ನಲ್ಲಿ ಅದರ ಫೈಲ್ ಇರುತ್ತೆ."

ಇನ್ನೆರಡು ಕಡೆ ಕೇಳಿದೆ. ಅದೇ ಉತ್ತರ. ಆಗ ಬೇಜಾರಾಗಿತ್ತು. ಆಮೇಲೆ ಕಾನೂನು ಓದಿದಾಗ ಅವರ ಭಯದಲ್ಲಿ ಅರ್ಥ ಇದೆ ಅನ್ನಿಸ್ತು.

ಕೋವಿ ಇಟ್ಕೊಳ್ಳೋದು ಬೇರೆ, ಕೆತ್ತೋದು ಬೇರೆ

ಕೊಡಗಿನವರಿಗೆ ಕೋವಿಗೆ ಲೈಸೆನ್ಸ್ ಬೇಡ ಅನ್ನೋ ಮಾತನ್ನ ನಾವೆಲ್ಲ ಕೇಳಿರ್ತೀವಿ. ಅದು ಪೂರ್ತಿ ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ.

ಬ್ರಿಟಿಷರ ಕಾಲದಲ್ಲಿ, 1861ರಲ್ಲಿ, ಮೈಸೂರು ಮತ್ತು ಕೊಡಗಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಕೊಡವರಿಗೆ ಆಯುಧ ಕಾಯ್ದೆಯಿಂದ ವಿನಾಯಿತಿ ಕೊಟ್ಟರು. ಹೌದು, ಕಬ್ಬನ್ ಪಾರ್ಕಿಗೆ ಹೆಸರು ಕೊಟ್ಟ ಅದೇ ಕಬ್ಬನ್. ಸ್ವಾತಂತ್ರ್ಯ ಬಂದ ಮೇಲೂ ಆ ವಿನಾಯಿತಿ ಮುಂದುವರೀತು. 2019ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಅದನ್ನ ಇನ್ನೂ ಹತ್ತು ವರ್ಷಕ್ಕೆ, ಅಂದ್ರೆ 2029ರ ಅಕ್ಟೋಬರ್‌ವರೆಗೆ ವಿಸ್ತರಿಸಿತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇದು ಅನ್ವಯಿಸುತ್ತೆ. ಇದನ್ನ ಪ್ರಶ್ನಿಸಿ ಹೈಕೋರ್ಟಿಗೆ ಹೋದಾಗ, 2021ರಲ್ಲಿ ಕರ್ನಾಟಕ ಹೈಕೋರ್ಟ್ ವಿನಾಯಿತಿಯನ್ನ ಎತ್ತಿಹಿಡೀತು.

ಆದ್ರೆ ವಿನಾಯಿತಿ ಯಾವುದಕ್ಕೆ ಅನ್ನೋದನ್ನ ನೋಡಿ. ಆಯುಧ ಇಟ್ಕೊಳ್ಳೋದಕ್ಕೆ, ಒಯ್ಯೋದಕ್ಕೆ, ಅದೂ ಷರತ್ತುಗಳ ಮೇಲೆ. 1959ರ ಆಯುಧ ಕಾಯ್ದೆಯ ಉಳಿದ ಭಾಗ ಹಾಗೇ ಇದೆ. 5ನೇ ಸೆಕ್ಷನ್ ಪ್ರಕಾರ ಬಂದೂಕು ತಯಾರಿಸೋಕೆ, ಮಾರೋಕೆ, ಮಾರ್ಪಾಡು ಮಾಡೋಕೆ, ದುರಸ್ತಿ ಮಾಡೋಕೆ ಲೈಸೆನ್ಸ್ ಬೇಕು. 8ನೇ ಸೆಕ್ಷನ್ ಪ್ರಕಾರ ಬಂದೂಕಿನ ಮೇಲಿರೋ ಹೆಸರು, ನಂಬರ್, ಗುರುತು ಯಾವುದನ್ನೂ ಅಳಿಸೋ ಹಾಗಿಲ್ಲ, ತೆಗೆಯೋ ಹಾಗಿಲ್ಲ, ತಿದ್ದೋ ಹಾಗಿಲ್ಲ. ಅದು ಶಿಕ್ಷೆ ಆಗೋ ಅಪರಾಧ.

ಹೆಸರು ಕೆತ್ತೋದು ದುರಸ್ತಿನಾ, ಮಾರ್ಪಾಡಾ, ಬರೀ ಅಲಂಕಾರನಾ ಅಂತ ವಾದ ಮಾಡಬಹುದು. ಆದ್ರೆ ಆ ವಾದವನ್ನ ಪೊಲೀಸ್ ಸ್ಟೇಷನ್ ಬೆಂಚಿನ ಮೇಲೆ ಕೂತು ಮಾಡೋಕೆ ಯಾರಿಗೆ ಇಷ್ಟ? 150 ರೂಪಾಯಿ ಕೆಲಸಕ್ಕೆ? ಆ ಅಣ್ಣ ಹೇಳಿದ್ದು ಸರಿ. ನಿಮ್ಮ ಮನೆಯಲ್ಲೂ ಇಂಥ ಆಸೆ ಇದ್ರೆ ಮೊದಲು ಲೈಸೆನ್ಸ್ ಇರೋ ಬಂದೂಕು ದುರಸ್ತಿಗಾರರನ್ನ ಕೇಳಿ, ಜಿಲ್ಲಾಡಳಿತದಿಂದ ಬರವಣಿಗೆಯಲ್ಲಿ ಒಪ್ಪಿಗೆ ತಗೊಳ್ಳಿ. ಪಕ್ಕದ ರಸ್ತೆಯ ಮಾರ್ಕಿಂಗ್ ಅಂಗಡಿಗೆ ಹೋಗ್ಬೇಡಿ.

ಇಷ್ಟಕ್ಕೇ ಎಪಿಸೋಡ್ ಮುಗಿಸಬಹುದಿತ್ತು. ಆ ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ ಹೇಳಿದೆ. ಅಪ್ಪ ಮುದ್ದೆ ಮುರೀತಾ, ತಲೆ ಎತ್ತದೇನೆ ಅಂದ್ರು:

"ಪರ್ಮಿಷನ್ ಸಿಕ್ಕಿದ್ರೂ ಲೇಸರಲ್ಲಿ ಆಗಲ್ಲ ಪುಟ್ಟಿ. ಚಿನ್ನ ನಿಲ್ಲಲ್ಲ."

ಅಪ್ಪನ ಕೆಲಸ

ನಮ್ಮಪ್ಪ 1985ರಲ್ಲಿ, 19ನೇ ವಯಸ್ಸಿಗೆ, ತುಮಕೂರು ಕಡೆಯ ಹಳ್ಳಿಯಿಂದ ಪೀಣ್ಯಕ್ಕೆ ಬಂದವರು. ಒಂದು ಖಾಸಗಿ ಕಾರ್ಖಾನೆಯ ಟೂಲ್‌ರೂಮ್‌ನಲ್ಲಿ 25 ವರ್ಷ ಅಕ್ಷರ ಕೆತ್ತಿದ್ರು. ಪ್ಲಾಸ್ಟಿಕ್ ಬಕೆಟ್ ತಿರುಗಿಸಿ ನೋಡಿ, ತಳದಲ್ಲಿ ಕಂಪನಿ ಹೆಸರು ಉಬ್ಬಿರುತ್ತೆ. ಪಾನಾ ಮೇಲೆ ಸೈಜ್ ನಂಬರ್ ಇರುತ್ತೆ. ಅದು ಉಬ್ಬಬೇಕಾದ್ರೆ ಅಚ್ಚಿನಲ್ಲಿ ತಗ್ಗು ಇರ್ಬೇಕು, ಅದೂ ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗು. ಆ ತಗ್ಗನ್ನ ಅಪ್ಪ ಚಾಣ, ಸುತ್ತಿಗೆ, ಕಣ್ಣಿಗೆ ಒಂದು ಭೂತಗನ್ನಡಿ ಇಟ್ಕೊಂಡು ಕೈಯಲ್ಲಿ ತೆಗೀತಿದ್ರು. ನಾನು ಚಿಕ್ಕವಳಿದ್ದಾಗ ದಿನಸಿ ಚೀಟಿನೂ ಉಲ್ಟಾ ಬರೆದು ಅಮ್ಮನ್ನ ರೇಗಿಸ್ತಿದ್ರು.

2010ರಲ್ಲಿ ಕಾರ್ಖಾನೆಗೆ ಕಂಪ್ಯೂಟರ್ ಹೇಳಿದ ಹಾಗೆ ಕೆತ್ತೋ ಮೆಷಿನ್ ಬಂತು. ಅಪ್ಪನ್ನ ಕೆಲಸದಿಂದ ತೆಗೀಲಿಲ್ಲ. ಸಂಬಳನೂ ಕಮ್ಮಿ ಮಾಡ್ಲಿಲ್ಲ. ಸ್ಟೋರ್‌ಗೆ ಹಾಕಿದ್ರು. ನಿವೃತ್ತಿ ಆಗೋವರೆಗೂ ಡ್ರಿಲ್ ಬಿಟ್ ಎಣಿಸಿ ರಿಜಿಸ್ಟರ್‌ನಲ್ಲಿ ಸೈನ್ ಹಾಕಿಸ್ಕೊಳ್ಳೋ ಕೆಲಸ. ಚಾಣಗಳಿದ್ದ ತಗಡಿನ ಪೆಟ್ಟಿಗೆ ಮನೆಗೆ ಬಂತು, ಮಂಚದ ಕೆಳಗೆ ಹೋಯ್ತು. ನಾನು ಬಿಕಾಂ ಮಾಡೋವಾಗ, ಕೆಲಸಕ್ಕೆ ಸೇರಿದಾಗ, ಬಿಟ್ಟು ಪಾಡ್‌ಕಾಸ್ಟ್ ಶುರು ಮಾಡಿದಾಗ, ಅದು ಅಲ್ಲೇ ಇತ್ತು. ಅದರ ಬಗ್ಗೆ ನಾನು ಒಂದು ಪ್ರಶ್ನೆನೂ ಕೇಳಿರಲಿಲ್ಲ. ಆವತ್ತು ಕೇಳಿದೆ: ಯಾಕೆ ನಿಲ್ಲಲ್ಲ?

ಚಿನ್ನವನ್ನ ಹಿಡಿಯೋದು ಏನು?

ಈ ಭಾಗ ಸ್ವಲ್ಪ ನಿಧಾನವಾಗಿ ಕೇಳಿ, ಇಡೀ ವಿಷಯ ಇಲ್ಲೇ ಇರೋದು.

ಹಳೇ ಕೋವಿ, ಕತ್ತಿ, ರೈಫಲ್ ಮೇಲೆ ಹೀಗೆ ಕೂರಿಸಿದ ಚಿನ್ನ ಬಣ್ಣ ಅಲ್ಲ, ಅಂಟಿಸಿದ್ದಲ್ಲ, ಬೆಸುಗೆನೂ ಅಲ್ಲ. ಉಕ್ಕಿನಲ್ಲಿ ಒಂದು ಕಾಲುವೆ ತೆಗೆದು, ಅದರೊಳಗೆ ಚಿನ್ನದ ತಂತಿಯನ್ನ ಬಡಿದು ಕೂರಿಸಿರ್ತಾರೆ. ಬರೀ ಕಾಲುವೆ ತೆಗೆದ್ರೆ ಸಾಲದು. ಅಪ್ಪ ಅಡುಗೆಮನೆಯಿಂದ ಒಂದು ಗಡಿಗೆ ತಂದು ಮುಂದಿಟ್ರು. "ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು. ಹಸಿ ಹಿಟ್ಟನ್ನ ಇದರೊಳಗೆ ತುರುಕಿ ಒಣಗಿಸು, ಗಡಿಗೆ ಒಡೀದೆ ಹಿಟ್ಟು ಆಚೆ ಬರುತ್ತಾ?" ಬರಲ್ಲ. ಕಾಲುವೆನೂ ಹಾಗೇ ಇರ್ಬೇಕು. ಮೇಲೆ ಕಿರಿದು, ತಳದಲ್ಲಿ ಎರಡೂ ಕಡೆ ಒಳಕ್ಕೆ ಅಗಲ. ಲೇತ್ ಮೆಷಿನ್ ನೋಡಿದವರಿಗೆ ಗೊತ್ತಿರುತ್ತೆ, ಸ್ಲೈಡ್‌ನಲ್ಲಿ ಡವ್‌ಟೇಲ್ ಅಂತ ಇರುತ್ತಲ್ಲ, ಅದೇ ಆಕಾರ. ಆದ್ರೆ ಕೂದಲಿನಷ್ಟು ಸಣ್ಣದಾಗಿ.

ಕೆಲಸದ ಕ್ರಮ ಹೀಗಿದೆ.

ಮೊದಲು ಉಕ್ಕಿನ ಮೇಲೆ ಅಕ್ಷರ ಬರ್ಕೋತಾರೆ. ಆಮೇಲೆ ಚೂಪಾದ ಚಾಣದಲ್ಲಿ ಗೆರೆ ತೆಗೀತಾರೆ. ಆಳ ಅರ್ಧ ಮಿಲಿಮೀಟರ್‌ಗಿಂತ ಕಮ್ಮಿ. ಆಮೇಲೆ ಚಪ್ಪಟೆ ತುದಿಯ ಸಣ್ಣ ಚಾಣವನ್ನ ಓರೆಯಾಗಿ ಹಿಡಿದು ಕಾಲುವೆಯ ಎರಡೂ ಬುಡಗಳನ್ನ ಒಳಕ್ಕೆ ಕೊರೀತಾರೆ. ತಳದಲ್ಲಿ ಸಣ್ಣ ಸಣ್ಣ ಮುಳ್ಳು ಎಬ್ಬಿಸ್ತಾರೆ. ಕೊನೆಗೆ ಅಪರಂಜಿ ಚಿನ್ನದ ತಂತಿ ಇಟ್ಟು, ಪಂಚ್ ಮೇಲೆ ಮೆಲ್ಲಗೆ ಬಡೀತಾ ಹೋಗ್ತಾರೆ. ಶುದ್ಧ ಚಿನ್ನ ಮೆತ್ತಗಿರುತ್ತೆ, ತಣ್ಣಗಿದ್ರೂ ಹರಿಯುತ್ತೆ, ಆ ಬುಡಗಳ ಒಳಗೆ ಹೋಗಿ ಕಚ್ಕೊಳ್ಳುತ್ತೆ. ಅದಕ್ಕೇ ಒಡವೆಯ 22 ಕ್ಯಾರಟ್ ಬದಲು 24 ಕ್ಯಾರಟ್ ಬಳಸೋದು. ಮೇಲೆ ಉಳಿದದ್ದನ್ನ ಅರ ಹಾಕಿ ಸಮ ಮಾಡ್ತಾರೆ.

ಈಗ ಲೇಸರ್ ವಿಷಯ. ಮಾರ್ಕಿಂಗ್ ಶೆಡ್‌ಗಳಲ್ಲಿ ಇರೋ ಫೈಬರ್ ಲೇಸರ್ ಮೇಲಿಂದ ನೇರ ಕೆಳಕ್ಕೆ ಬೀಳುತ್ತೆ, ಬಿದ್ದ ಜಾಗದ ಲೋಹವನ್ನ ಸುಟ್ಟು ಆವಿ ಮಾಡುತ್ತೆ. ಮತ್ತೆ ಮತ್ತೆ ಓಡಿಸಿದ್ರೆ ಆಳನೂ ತೆಗೆಯುತ್ತೆ. ಆದ್ರೆ ಬೆಳಕು ಬಾಗಲ್ಲ. ಗುಂಡಿಯ ಗೋಡೆ ನೆಟ್ಟಗೆ ಇರುತ್ತೆ, ಇಲ್ಲಾ ಕೆಳಗೆ ಹೋಗ್ತಾ ಕಿರಿದಾಗುತ್ತೆ. ಅಂದ್ರೆ ಗಡಿಗೆ ಅಲ್ಲ, ಲೋಟ. ಲೋಟದಲ್ಲಿ ತುಂಬಿದ ಚಿನ್ನ ತಟ್ಟಿದ್ರೆ ಉದುರುತ್ತೆ. ಅಪ್ಪ "ನಿಲ್ಲಲ್ಲ" ಅಂದಿದ್ದು ಇದಕ್ಕೆ.

ಇನ್ನೊಂದು ಕಾರಣನೂ ಇದೆ, ಇದು ತಮಾಷೆ ಅಲ್ಲ. ಕೋವಿ ಹಾರಿಸಿದ ಕ್ಷಣದಲ್ಲಿ ನಳಿಗೆಯ ಹಿಂಭಾಗದೊಳಗೆ ನೂರಾರು ಬಾರ್ ಒತ್ತಡ ಏಳುತ್ತೆ. ನಿಮ್ಮ ಬೈಕ್ ಟೈರ್‌ನಲ್ಲಿ ಇರೋದು ಹೆಚ್ಚುಕಮ್ಮಿ ಎರಡು ಬಾರ್. ಹಳೇ ನಳಿಗೆ, ಒಳಗೆ ತುಕ್ಕು ಎಷ್ಟು ತಿಂದಿದೆಯೋ ಗೊತ್ತಿಲ್ಲ, ಅದರ ಮೇಲೆ ಇನ್ನೊಂದು ಕಾಲುವೆ ಕೊರೆದ್ರೆ? ವಿದೇಶದಲ್ಲಿ ಆರ್ಡರ್ ಕೊಟ್ಟು ಮಾಡಿಸೋ ರೈಫಲ್‌ಗಳಲ್ಲಿ ಹೆಚ್ಚಿನ ಕೆತ್ತನೆ ಆಕ್ಷನ್ ಅನ್ನೋ ಗಟ್ಟಿ ಉಕ್ಕಿನ ಭಾಗದ ಮೇಲೆ, ಟ್ರಿಗರ್ ಸುತ್ತಲಿನ ಬಳೆಯ ಮೇಲೆ, ಕೆಳಗಿನ ಮುಚ್ಚಳದ ಮೇಲೆ ಇರುತ್ತೆ. ಅದನ್ನೂ ಕೋವಿ ತಯಾರಾಗೋ ಹೊತ್ತಿನಲ್ಲೇ, ಉಕ್ಕನ್ನ ಗಡಸು ಮಾಡೋದಕ್ಕೆ ಮುಂಚೆ ಮಾಡ್ತಾರೆ. ಆಸ್ಟ್ರಿಯಾದ ಫೆರ್ಲಾಖ್, ಇಟಲಿಯ ಗಾರ್ದೋನೆ, ಜರ್ಮನಿಯ ಜೂಲ್, ಬೆಲ್ಜಿಯಂನ ಲಿಯೆಜ್, ಇವೆಲ್ಲ ಇದಕ್ಕೇ ಹೆಸರಾದ ಊರುಗಳು. ಪೂರ್ತಿ ಕೆತ್ತಿದ ಒಂದು ರೈಫಲ್‌ಗೆ ಕೆತ್ತೋರ ನೂರಾರು ಗಂಟೆ ಹೋಗುತ್ತೆ.

ಶ್ರೀರಂಗಪಟ್ಟಣ, ಬೀದರ್

ಇದೆಲ್ಲ ಹೊರದೇಶದ ವಿದ್ಯೆ ಅಂದ್ಕೋಬೇಡಿ. ಪೀಣ್ಯದಿಂದ ನೂರೈವತ್ತು ಕಿಲೋಮೀಟರ್ ಒಳಗೆ, 230 ವರ್ಷದ ಹಿಂದೆ ಇದೇ ಕೆಲಸ ನಡೀತಿತ್ತು. ಕೊಡಗಿನ ಮನೆಯ ಕೋವಿ ಬಗ್ಗೆ ಮಾತಾಡ್ತಾ ಟಿಪ್ಪು ಹೆಸರು ತೆಗೆದ್ರೆ ಹಲವರಿಗೆ ನೋವಾಗುತ್ತೆ ಅಂತ ಗೊತ್ತು, ಆ ಇತಿಹಾಸ ಹಗುರವಾದದ್ದಲ್ಲ. ನಾನಿಲ್ಲಿ ಮಾತಾಡ್ತಿರೋದು ರಾಜನ ಬಗ್ಗೆ ಅಲ್ಲ, ಉಕ್ಕಿನ ಮುಂದೆ ಕೂತಿದ್ದ ಕೆಲಸಗಾರರ ಬಗ್ಗೆ.

ಟಿಪ್ಪುವಿನ ಕಾರ್ಖಾನೆಗಳಲ್ಲಿ ಆದ ಕೋವಿಗಳ ಮೇಲೆ ಹುಲಿಮುಖ, ಹುಲಿಪಟ್ಟೆ, ಚಿನ್ನ ಬೆಳ್ಳಿಯ ಬರಹ ಕಾಣುತ್ತೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಎಷ್ಟೋ ಆಯುಧ ಇಂಗ್ಲೆಂಡಿಗೆ ಹೋದವು. ಅವುಗಳಲ್ಲಿ ಟಿಪ್ಪುವಿನ ಶಯನಗೃಹದ ಕತ್ತಿ ಅಂತ ಕರೆಯೋ ಒಂದು ಕತ್ತಿ 2023ರ ಮೇನಲ್ಲಿ ಲಂಡನ್ನಿನ ಹರಾಜಿನಲ್ಲಿ 1.4 ಕೋಟಿ ಪೌಂಡ್‌ಗೆ ಹೋಯ್ತು. ಅದರ ಹಿಡಿಯ ಮೇಲಿನ ಬರಹ ಚಿನ್ನದಲ್ಲಿ ಕೂರಿಸಿದ್ದು. ಅದೇ ತಿಂಗಳು ಬ್ರಿಟನ್ ಸರ್ಕಾರ ಟಿಪ್ಪುವಿನ ಒಂದು ಬೇಟೆಕೋವಿ ದೇಶ ಬಿಟ್ಟು ಹೋಗದ ಹಾಗೆ ತಾತ್ಕಾಲಿಕ ತಡೆ ಹಾಕಿತು. ಅದರ ಬೆಲೆ 20 ಲಕ್ಷ ಪೌಂಡ್. 1793-94ರಲ್ಲಿ ಆದ ಕೋವಿ, ಉಕ್ಕಿನ ನಳಿಗೆ, ಚಿನ್ನ ಬೆಳ್ಳಿ ಕೂರಿಸಿದ ಕೆಲಸ. ಅದನ್ನ ಮಾಡಿದವರ ಹೆಸರು ಅಸದ್ ಖಾನ್ ಮೊಹಮ್ಮದ್. ಹೇಗೆ ಗೊತ್ತಾಯ್ತು? ಕೋವಿಯ ಮೇಲೇ ಅವರ ಹೆಸರಿದೆ.

ಈ ಸಾಲು ಓದಿ ಹೇಳಿದಾಗ ಅಪ್ಪ ಸುಮ್ಮನಾದ್ರು. 25 ವರ್ಷದಲ್ಲಿ ಅವರು ಎಷ್ಟೋ ಕಂಪನಿಗಳ ಹೆಸರು ಕೆತ್ತಿದ್ದಾರೆ. ಯಾವ ಅಚ್ಚಿನ ಮೂಲೆಯಲ್ಲೂ ಅವರ ಹೆಸರಿನ ಒಂದು ಅಕ್ಷರ ಇಲ್ಲ.

ಇನ್ನು ಬೀದರ್. ನಿಮ್ಮಲ್ಲಿ ಹಲವರು ಬಿದ್ರಿ ಹೂಜಿ, ಬಿದ್ರಿ ಪೆನ್ ಸ್ಟ್ಯಾಂಡ್ ನೋಡಿರ್ತೀರಿ. ಅದೂ ಇದೇ ಕುಟುಂಬದ ಕಲೆ. ಸತು ಮತ್ತು ತಾಮ್ರವನ್ನ ಸುಮಾರು 16ಕ್ಕೆ 1ರಂತೆ ಬೆರೆಸಿ ಎರಕ ಹೊಯ್ತಾರೆ. ಅದರ ಮೇಲೆ ಚಾಣದಲ್ಲಿ ಗೆರೆ ತೆಗೆದು ಬೆಳ್ಳಿ ತಂತಿ ಬಡಿದು ಕೂರಿಸ್ತಾರೆ. ಆಮೇಲೆ ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಸೇರಿಸಿ ಉಜ್ಜುತ್ತಾರೆ. ಎರಕದ ಲೋಹ ಕಪ್ಪಾಗುತ್ತೆ, ಬೆಳ್ಳಿ ಬೆಳ್ಳಗೇ ಉಳಿಯುತ್ತೆ. ಬಿದ್ರಿಗೆ 2006ರಲ್ಲಿ ಜಿಐ ಟ್ಯಾಗ್ ಸಿಕ್ತು. 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಉಕ್ಕಿಗೆ ಹೋಲಿಸಿದ್ರೆ ಬಿದ್ರಿಯ ಲೋಹ ಮೆತ್ತಗೆ. ಆದ್ರೆ ತತ್ವ ಒಂದೇ: ಒಂದು ಲೋಹ ಇನ್ನೊಂದನ್ನ ಕಚ್ಚಿ ಹಿಡೀಬೇಕು, ಆಮೇಲೆ ಒಂದು ಮಾತ್ರ ಕಪ್ಪಾಗಬೇಕು.

ಬೇರೆ ದಾರಿ

ವಿರಾಜಪೇಟೆಯ ಕೇಳುಗರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಕಾನೂನಿನ ವಿಷಯ, ನಳಿಗೆಯ ಅಪಾಯ, ಗಡಿಗೆ, ಲೋಟ. ಅವರಿಗೆ ಬೇಜಾರಾಯ್ತು. ಸ್ವಲ್ಪ ಹೊತ್ತು ಬಿಟ್ಟು ಅವರೇ ಅಂದ್ರು: "ಹಬ್ಬದ ದಿನ ಕೋವಿನ ಕನ್ನಿ ಕೋಂಬರೆಯಲ್ಲಿ ಇಡ್ತೀವಿ. ಅದರ ಪಕ್ಕ ಇಡೋ ಹಾಗೆ ಏನಾದ್ರೂ ಮಾಡಬಹುದಾ?"

ಗೊತ್ತಿಲ್ಲದವರಿಗೆ: ಕೈಲ್‌ಪೊಳ್ದ್ ಸೆಪ್ಟೆಂಬರ್ ಮೊದಲ ವಾರ ಬರೋ ಕೊಡವರ ಆಯುಧ ಪೂಜೆ. ನಾಟಿ ಕೆಲಸ ಮುಗಿದ ಮೇಲೆ ಕೋವಿ, ಒಡಿಕತ್ತಿ, ಪೀಚೆಕತ್ತಿ ಎಲ್ಲ ಇಟ್ಟು ಪೂಜೆ ಮಾಡ್ತಾರೆ. ನಳಿಗೆಯ ಬಾಯಿಗೆ ತೋಕ್ ಪೂ ಸಿಗಿಸ್ತಾರೆ. ಕೊಡವ ಭಾಷೆಯಲ್ಲಿ ತೋಕ್ ಅಂದ್ರೆ ಕೋವಿ. ಮನೆಯಲ್ಲಿ ಗಂಡು ಮಗು ಹುಟ್ಟಿದ್ರೆ ಒಂದು ಗುಂಡು, ಯಾರಾದ್ರೂ ತೀರಿಕೊಂಡ್ರೆ ಎರಡು ಗುಂಡು ಹಾರಿಸೋ ಪದ್ಧತಿ ಇದೆ. ಅವರ ತಾತ ಹೋದ ದಿನ ಎರಡು ಗುಂಡು ಹಾರಿಸಿದ್ದು ಅದೇ ಕೋವಿಯಿಂದ. ಇದನ್ನ ಹೇಳಿದಾಗಲೇ ನನಗೆ ಗೊತ್ತಾಗಿದ್ದು, ಅವರು ಕೇಳ್ತಿದ್ದದ್ದು ಅಲಂಕಾರ ಅಲ್ಲ ಅಂತ.

ಅಪ್ಪನ್ನ ಕೇಳಿದೆ. "15 ವರ್ಷ ಆಯ್ತು ಪುಟ್ಟಿ, ಕೈ ಕೇಳ್ಬೇಕಲ್ಲ" ಅಂದ್ರು. ಮತ್ತೆ ಇನ್ನೊಂದು ಮಾತು: "ಚಿನ್ನ ನಾನು ಯಾವತ್ತೂ ಕೂರಿಸಿಲ್ಲ. ಕೆತ್ತೋದಷ್ಟೇ ಗೊತ್ತು." ಮಾರನೇ ಬೆಳಗ್ಗೆ ಎದ್ದು ನೋಡಿದ್ರೆ ಪೆಟ್ಟಿಗೆ ಹೊರಗಿತ್ತು, ಚಾಣಗಳಿಗೆ ಸಾಣೆ ಹಿಡೀತಿದ್ರು.

ಮೊದಲು ತಾಮ್ರದ ತಂತಿ. ಹಳೇ ಫ್ಯಾನಿನಿಂದ ತೆಗೆದದ್ದು. ಒಂದು ಉಕ್ಕಿನ ತುಂಡಿನಲ್ಲಿ 'ಅ' ಕೆತ್ತಿ ತಂತಿ ಬಡಿದ್ರು. ಚೆನ್ನಾಗೇ ಕಾಣ್ತಿತ್ತು. ತುಂಡನ್ನ ತಿರುಗಿಸಿ ಮೇಜಿಗೆ ಒಮ್ಮೆ ಕುಟ್ಟಿದ್ರು, 'ಅ' ಪೂರ್ತಿ ಉದುರಿ ನೆಲಕ್ಕೆ ಬಿತ್ತು. ಬುಡ ಸಾಲದು. ನಾನು ಯೂಟ್ಯೂಬ್‌ನಲ್ಲಿ ವಿದೇಶಿ ಕೆತ್ತನೆಗಾರರ ವಿಡಿಯೋ ಹುಡುಕಿ, ವೇಗವನ್ನ 0.25ಕ್ಕೆ ಇಳಿಸಿ ತೋರಿಸಿದೆ. ಅಪ್ಪನಿಗೆ ಮಾತು ಅರ್ಥ ಆಗ್ಲಿಲ್ಲ, ಕೈ ಅರ್ಥ ಆಯ್ತು. "ನೋಡು, ಚಾಣ ಮಲಗಿಸಿದಾನೆ" ಅಂದ್ರು. ಎರಡನೇದೂ ಉದುರಿತು. ಮೂರನೇದು ನಿಂತಿತು. ಈ ಅಭ್ಯಾಸಕ್ಕೇ 14 ಗಂಟೆ ಹೋಯ್ತು, ನಾನು ನೋಟ್ ಮಾಡ್ಕೊಂಡಿದ್ದೆ.

ಆಮೇಲೆ ನಗರತ್‌ಪೇಟೆಯಲ್ಲಿ ಒಬ್ಬ ಅಕ್ಕಸಾಲಿಗರ ಹತ್ತಿರ ಅಪರಂಜಿ ತಂತಿ ಎಳೆಸಿದ್ವಿ. ಅಂಗೈಯಷ್ಟು ಉಕ್ಕಿನ ಪಟ್ಟಿಯ ಮೇಲೆ ತಾತನ ಹೆಸರು, ಏಳು ಅಕ್ಷರ. ನಾಲ್ಕು ದಿನ, ದಿನಕ್ಕೆ ಐದಾರು ಗಂಟೆ, ಕಿಟಕಿ ಬೆಳಕಲ್ಲಿ. ಅರ ಹಾಕಿ ಸಮ ಮಾಡಿದಾಗ ಉಕ್ಕೂ ಚಿನ್ನವೂ ಒಂದೇ ಮಟ್ಟ. ಬೆರಳು ಆಡಿಸಿದ್ರೆ ಎಲ್ಲಿ ಯಾವುದು ಅಂತ ಗೊತ್ತಾಗ್ತಿರಲಿಲ್ಲ.

ಕೊನೆಯ ಹಂತ ಮತ್ತೆ ಪೀಣ್ಯಕ್ಕೆ. ಇಲ್ಲಿ ಬ್ಲ್ಯಾಕೋಡೈಸಿಂಗ್ ಅಂತ ಒಂದು ಕೆಲಸ ಇದೆ. ಬಿಸಿ ರಾಸಾಯನಿಕದ ತೊಟ್ಟಿಯಲ್ಲಿ ಉಕ್ಕನ್ನ ಮುಳುಗಿಸಿ ಕಪ್ಪು ಮಾಡೋದು, ನಟ್ಟು ಬೋಲ್ಟಿಗೆಲ್ಲ ಮಾಡ್ತಾರೆ. ನಮ್ಮ ಪಟ್ಟಿಯನ್ನ ಒಂದು ತಟ್ಟೆ ಬೋಲ್ಟ್ ಜೊತೆಗೇ ಮುಳುಗಿಸಿದ್ರು. ಉಕ್ಕು ಕಪ್ಪಾಯ್ತು. ಚಿನ್ನಕ್ಕೆ ಆ ತೊಟ್ಟಿ ಏನೂ ಮಾಡಲ್ಲ. ಮೇಲೆತ್ತಿ ನೀರಲ್ಲಿ ಅದ್ದಿದಾಗ ಕಪ್ಪಿನ ನಡುವೆ ಹೆಸರು ಮಾತ್ರ ಹೊಳೀತಿತ್ತು. ತೊಟ್ಟಿ ಹತ್ತಿರ ನಿಂತಿದ್ದ ಹುಡುಗ ಫೋನ್ ತೆಗೆದು ಫೋಟೋ ಹೊಡ್ಕೊಂಡ.

ಬಿಲ್ ಮಾಡೋ ಹೊತ್ತು

ನಾನು ಕಾಮರ್ಸ್ ಓದಿದವಳು, ಲೆಕ್ಕ ಹಾಕದೆ ಬಿಡಲ್ಲ.

ಅರ್ಧ ಮಿಲಿಮೀಟರ್ ದಪ್ಪದ ತಂತಿ. ಒಂದು ಅಕ್ಷರಕ್ಕೆ ತಿರುವು ಸೇರಿ ಸುಮಾರು 3 ಸೆಂಟಿಮೀಟರ್, ಏಳು ಅಕ್ಷರಕ್ಕೆ 21. ಚಿನ್ನದ ಸಾಂದ್ರತೆ 19.3. ಗುಣಿಸಿ ನೋಡಿ, ಚಿನ್ನ ಬಂದಿದ್ದು ಸುಮಾರು 0.8 ಗ್ರಾಂ. ಒಂದು ಗ್ರಾಂ ಕೂಡ ಇಲ್ಲ! "ಚಿನ್ನದ ಕೆಲಸ" ಅಂದ ತಕ್ಷಣ ನಾವು ಖರ್ಚೆಲ್ಲ ಚಿನ್ನದ್ದು ಅಂದ್ಕೋತೀವಿ.

ಪಟ್ಟಿಗೆ ಹಿಡಿದ ಸಮಯ 22 ಗಂಟೆ. ಗಂಟೆಗೆ ಎಷ್ಟು ಹಾಕ್ಲಿ ಅಂತ ಅಪ್ಪನ್ನ ಕೇಳಿದೆ. "ನೂರು ರೂಪಾಯಿ ಹಾಕು. ಅಷ್ಟೂ ಬೇಡ, ಚಿನ್ನದ ದುಡ್ಡು ಬಂದ್ರೆ ಸಾಕು, ದೇವರ ಮುಂದೆ ಇಡೋದು" ಅಂದ್ರು. ಅವತ್ತೇ ಬೆಳಗ್ಗೆ ಪಕ್ಕದ ರಸ್ತೆಯ ಶೆಡ್‌ನಲ್ಲಿ ವಿಎಂಸಿ ಮೆಷಿನ್ ಗಂಟೆ ರೇಟ್ ಕೇಳಿದ್ದೆ. 450. ಮೆಷಿನ್ನಿಗೆ 450, ಮೆಷಿನ್ ಮಾಡೋಕಾಗದ ಕೆಲಸ ಮಾಡಿದ ಮನುಷ್ಯನಿಗೆ 100. ನಾವಿಬ್ಬರೂ ಸ್ವಲ್ಪ ಜೋರಾಗೇ ಜಗಳ ಆಡಿದ್ವಿ. ಅಮ್ಮ ಟಿವಿ ಆಫ್ ಮಾಡಿದ್ರು.

ಇದನ್ನ ನಾನು ಈಗಲೂ ಯೋಚಿಸ್ತೀನಿ. ಮೆಷಿನ್‌ಗೆ ಇಎಂಐ ಇದೆ, ಕರೆಂಟ್ ಬಿಲ್ ಇದೆ, ಸವಕಳಿ ಇದೆ, ಅದಕ್ಕೇ ಗಂಟೆ ರೇಟ್ ಲೆಕ್ಕ ಹಾಕೋದು ಎಲ್ಲರಿಗೂ ಗೊತ್ತು. ಕೈ ಕಲಿಯೋಕೆ ಹಿಡಿದ ವರ್ಷಗಳನ್ನ ಯಾವ ಲೆಡ್ಜರ್‌ನಲ್ಲೂ ಬರೆದಿರಲ್ಲ. ಬರೆದಿಲ್ಲ ಅಂದ್ರೆ ಅದು ಬಿಟ್ಟಿ ಅಂತ ಆಗಿಬಿಡುತ್ತೆ, ಮಾಡಿದವರಿಗೂ ಹಾಗೇ ಅನ್ನಿಸೋಕೆ ಶುರುವಾಗುತ್ತೆ.

ಕೊನೆಗೆ ನಾನೇ ಬಿಲ್ ಬರೆದೆ. 22 ಗಂಟೆ, ಗಂಟೆಗೆ 450, ಒಟ್ಟು 9,900 ರೂಪಾಯಿ. ಚಿನ್ನ, ತಂತಿ ಎಳೆಸಿದ್ದು, ಬ್ಲ್ಯಾಕೋಡೈಸಿಂಗ್ ಬೇರೆ. ಅಭ್ಯಾಸದ 14 ಗಂಟೆ ಹಾಕಲಿಲ್ಲ, ಅದು ನಮ್ಮ ಬಂಡವಾಳ. ಕೆಲಸಕ್ಕೆ ಮುಂಚೆ ರೇಟ್ ಹೇಳಿರಲಿಲ್ಲ, ಅದು ನನ್ನ ತಪ್ಪು, ಅದಕ್ಕೆ ಭಯನೂ ಇತ್ತು. ಬಿಲ್ ಜೊತೆ ಗಂಟೆಗಳ ಪಟ್ಟಿಯನ್ನೂ ಕಳಿಸಿದೆ. ಹತ್ತು ನಿಮಿಷದಲ್ಲಿ ದುಡ್ಡು ಬಂತು. ಕೆಳಗೆ ಒಂದು ಸಾಲು: "ಮಾಡಿದವರ ಹೆಸರೂ ಹಾಕ್ಸಿ ಅಕ್ಕ."

ಅಪ್ಪ ಒಪ್ಪಲಿಲ್ಲ. ತಾತನ ಹೆಸರಿನ ಪಕ್ಕ ನಂದ್ಯಾಕೆ ಅಂದ್ರು. ಹಿಂದುಗಡೆ ಹಾಕಿ ಅಂತ ಅಮ್ಮ ಹೇಳಿದ ಮೇಲೆ ಹಿಂಭಾಗದ ಮೂಲೆಯಲ್ಲಿ ಎರಡು ಅಕ್ಷರ ಕೆತ್ತಿದ್ರು. ಚಿನ್ನ ಇಲ್ಲ, ಬರೀ ಗೆರೆ. ಮುಂದೆ ಏಳು ಅಕ್ಷರವನ್ನ ಅಷ್ಟು ಜೋಪಾನವಾಗಿ ನೇರ ಕೆತ್ತಿದವರು, ಇಲ್ಲಿ ಅಭ್ಯಾಸಬಲದಿಂದ ಉಲ್ಟಾ ಕೆತ್ತಿಬಿಟ್ಟಿದ್ರು. ಓದ್ಬೇಕಾದ್ರೆ ಕನ್ನಡಿ ಹಿಡೀಬೇಕು. ತಿದ್ದೋಣ್ವಾ ಅಂತ ಕೇಳಿದೆ. "ಇರ್ಲಿ ಬಿಡು, 25 ವರ್ಷ ಹಂಗೇ ಬರೆದಿದ್ದು" ಅಂದ್ರು.

ಸೆಪ್ಟೆಂಬರ್ 3ರಂದು ವಿರಾಜಪೇಟೆಯಿಂದ ಫೋಟೋ ಬಂತು. ಗೋಡೆಗೆ ಒರಗಿಸಿದ ಕೋವಿ, ಅದರ ಮೇಲೆ ಹೊಸ ಗೆರೆ ಒಂದೂ ಇಲ್ಲ. ನಳಿಗೆಯ ಬಾಯಲ್ಲಿ ಕೆಂಪು ಹಳದಿಯ ತೋಕ್ ಪೂ. ದೀಪದ ಪಕ್ಕ ಕಪ್ಪು ಪಟ್ಟಿ. ಅಪ್ಪ ಫೋನ್ ಇಸ್ಕೊಂಡು ಎರಡು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದ್ರು. ಏನೋ ಹೇಳ್ತಾರೆ ಅಂತ ಕಾಯ್ತಿದ್ದೆ.

"ಐದನೇ ಅಕ್ಷರದ ಒತ್ತು ಸ್ವಲ್ಪ ಕೆಳಗೆ ಬಂದಿದೆ" ಅಂದ್ರು. "ಇನ್ನೊಂದ್ಸಲ ಮಾಡಿದ್ರೆ ಸರಿಯಾಗುತ್ತೆ."

ಪೆಟ್ಟಿಗೆ ಈಗ ಮಂಚದ ಕೆಳಗಿಲ್ಲ, ಕಿಟಕಿ ಹತ್ತಿರ ಇದೆ.

ನಿಮ್ಮ ಮನೆಯಲ್ಲೂ ಇಂಥ ಒಂದು ಪೆಟ್ಟಿಗೆ ಇರಬಹುದು. ಹೊಲಿಗೆಯದ್ದೋ, ಬಡಗಿ ಕೆಲಸದ್ದೋ, ವಾಚ್ ರಿಪೇರಿಯದ್ದೋ. ಈ ವಾರ ಅದನ್ನ ತೆಗೆಸಿ, ಒಂದೇ ಒಂದು ಪ್ರಶ್ನೆ ಕೇಳಿ, ಉತ್ತರವನ್ನ ವಾಯ್ಸ್ ನೋಟ್ ಮಾಡಿ ನನಗೆ ಕಳಿಸಿ. ಮುಂದಿನ ಸಂಚಿಕೆಗಳಲ್ಲಿ ಕೇಳಿಸ್ತೀನಿ.